‘ಯಾಕೆ’ ಅಂತ ಕೇಳಿದರೆ ಉತ್ತರ ಎಲ್ಲಿಂದ ಬರುತ್ತದೆ?

ಗೇಮ್ ಆರ್ಟ್ ಕಲಿಯುತ್ತಿರುವ ಹುಡುಗ ಹುಡುಗಿಯರು ನನ್ನನ್ನು ಜಾಸ್ತಿ ಕೇಳುವ ಪ್ರಶ್ನೆ ಒಂದೇ. ದೊಡ್ಡ ಸ್ಟುಡಿಯೋಗೆ ಸೇರಲಾ, ದೊಡ್ಡ ಕಂಪನಿಯ ಹಂಗಿಲ್ಲದೆ ಸ್ವಂತ ಗೇಮ್ ಮಾಡುವ ಪುಟ್ಟ ಇಂಡೀ ತಂಡಕ್ಕೆ ಸೇರಲಾ? ನಾನು ಎರಡೂ ಕಡೆ ಕೆಲಸ ಮಾಡಿದ್ದೇನೆ. ಮೊದಲು ಬೆಂಗಳೂರಿನ ಒಂದು ದೊಡ್ಡ ಔಟ್‌ಸೋರ್ಸಿಂಗ್ ಸ್ಟುಡಿಯೋದಲ್ಲಿ, ಹೊರದೇಶದ ಭಾರಿ ಬಜೆಟ್ಟಿನ ಗೇಮ್‌ಗಳಿಗೆ ಎನ್ವಿರಾನ್‌ಮೆಂಟ್ ಆರ್ಟಿಸ್ಟ್ (ಗೇಮ್‌ನೊಳಗಿನ ಜಾಗ, ವಸ್ತುಗಳನ್ನು ಮಾಡುವವಳು) ಆಗಿದ್ದೆ. ಈಗ ಐದು ಜನರ ಪುಟ್ಟ ತಂಡದಲ್ಲಿದ್ದೇನೆ, ಜಯನಗರದ ಒಂದು ಮನೆಯ ಮಹಡಿಯಲ್ಲಿ. ಕೇಳುವವರ ಮನಸ್ಸಿನಲ್ಲಿ ಉತ್ತರ ಆಗಲೇ ಅರ್ಧ ಸಿದ್ಧವಾಗಿರುತ್ತದೆ. ದೊಡ್ಡ ಕಡೆ ಸಂಬಳ, ಚಿಕ್ಕ ಕಡೆ ಸ್ವಾತಂತ್ರ್ಯ ಅಂತ. ಅದು ಪೂರ್ತಿ ಸುಳ್ಳೇನಲ್ಲ. ಆದರೆ ನಾನು ಕಂಡ ವ್ಯತ್ಯಾಸ ಇರುವುದು ಬೇರೆ ಜಾಗದಲ್ಲಿ. ಕೆಲಸದ ನಡುವೆ ‘ಇದು ಯಾಕೆ ಹೀಗೆ?’ ಅನ್ನುವ ಪ್ರಶ್ನೆ ಹುಟ್ಟಿದರೆ ಅದಕ್ಕೆ ಉತ್ತರ ಎಷ್ಟು ದೂರದಿಂದ ಬರುತ್ತದೆ, ಅಸಲಿಗೆ ಬರುತ್ತದೋ ಇಲ್ಲವೋ, ಅನ್ನುವುದರಲ್ಲಿ.

ದೊಡ್ಡದು ಅಂದರೆ ಎಷ್ಟು ದೊಡ್ಡದು ಅನ್ನುವುದನ್ನು ಮೊದಲು ಹೇಳಿಬಿಡುತ್ತೇನೆ. ದೊಡ್ಡ ಕಂಪನಿಗಳು ಗೇಮ್‌ನ ಖರ್ಚನ್ನು ಸುಲಭಕ್ಕೆ ಬಾಯಿಬಿಡುವುದಿಲ್ಲ. 2023ರಲ್ಲಿ ಮಾತ್ರ, ಮೈಕ್ರೋಸಾಫ್ಟ್ ಮೇಲೆ ವ್ಯಾಪಾರದ ಪೈಪೋಟಿ ಕಾಯುವ ಅಮೆರಿಕದ ಸರ್ಕಾರಿ ಸಂಸ್ಥೆ ಎಫ್‌ಟಿಸಿ ಹೂಡಿದ್ದ ಕೇಸಿನಲ್ಲಿ ಸೋನಿ ಕೊಟ್ಟ ಕಾಗದಗಳಲ್ಲಿ ಮಾರ್ಕರ್ ಹಚ್ಚಿ ಮುಚ್ಚಿದ್ದ ಅಂಕಿಗಳು ಓದಲು ಸಿಕ್ಕಿಬಿಟ್ಟವು. ‘ದಿ ಲಾಸ್ಟ್ ಆಫ್ ಅಸ್ ಪಾರ್ಟ್ 2’ಕ್ಕೆ ಸುಮಾರು 22 ಕೋಟಿ ಡಾಲರ್. ‘ಹೊರೈಜನ್ ಫರ್ಬಿಡನ್ ವೆಸ್ಟ್’ಗೆ 21 ಕೋಟಿ 20 ಲಕ್ಷ ಡಾಲರ್, ಐದು ವರ್ಷ, 300 ಜನ. ಒಂದೊಂದು ಗೇಮ್‌ಗೆ ಇಷ್ಟು. ಈ ಗಾತ್ರದ ಕೆಲಸ ಒಂದು ಕಟ್ಟಡದಲ್ಲಿ ಮುಗಿಯುವುದಿಲ್ಲ. ಹಲವು ದೇಶಗಳಿಗೆ ಹಂಚಿಹೋಗುತ್ತದೆ. ಕಲ್ಲು, ಮರ, ಕಾರು, ಬೀದಿ ದೀಪ, ಅಂಗಡಿಯ ಬೋರ್ಡು, ಇವೆಲ್ಲ ಎಲ್ಲೋ ಯಾರೋ ಕೂತು ಮಾಡಬೇಕಲ್ಲ. ಆ ‘ಎಲ್ಲೋ’ಗಳಲ್ಲಿ ಬೆಂಗಳೂರು ಹಳೆಯ ಹೆಸರು. ರಾಜೇಶ್ ರಾವ್ ಅವರು ಇಲ್ಲಿ ಧ್ರುವ ಇಂಟರಾಕ್ಟಿವ್ ಅನ್ನುವ ಗೇಮ್ ಸ್ಟುಡಿಯೋ ಶುರುಮಾಡಿದ್ದು 1997ರಲ್ಲಿ. ಆಗ ಭಾರತದಲ್ಲಿ ಗೇಮ್ ಮಾಡುವುದು ಒಂದು ಉದ್ಯೋಗ ಅನ್ನುವುದೇ ಯಾರಿಗೂ ಗೊತ್ತಿರಲಿಲ್ಲ. 2019ರಲ್ಲಿ ಅಮೆರಿಕದ ದೊಡ್ಡ ಗೇಮ್ ಕಂಪನಿ ರಾಕ್‌ಸ್ಟಾರ್ ಗೇಮ್ಸ್ ಅದನ್ನು ಸುಮಾರು 79 ಲಕ್ಷ ಡಾಲರ್‌ಗೆ ಕೊಂಡು ತನ್ನ ಬೆಂಗಳೂರಿನ ಸ್ಟುಡಿಯೋ ಜೊತೆ ಸೇರಿಸಿಕೊಂಡಿತು. ಮೇಲಿನ ಅಂಕಿಗಳ ಪಕ್ಕ ಈ ಅಂಕಿ ಇಟ್ಟು ನೋಡಿ. ಇಪ್ಪತ್ತು ವರ್ಷ ಕಟ್ಟಿದ ಸಂಸ್ಥೆಯ ಬೆಲೆ, ಅಂಥ ಒಂದು ಗೇಮ್‌ನ ಖರ್ಚಿನ ಇಪ್ಪತ್ತೈದನೇ ಒಂದು ಭಾಗವನ್ನೂ ಮುಟ್ಟುವುದಿಲ್ಲ.

ನಾನು ಸೇರಿದ್ದು ಇಂಥದ್ದೇ ಲೋಕಕ್ಕೆ. ಕಲಿತದ್ದು ತುಂಬಾ, ಅದನ್ನು ಮನಸ್ಸು ಬಿಚ್ಚಿ ಹೇಳಬೇಕು. ಕಾಲೇಜಿನಲ್ಲಿ ಮಾಯಾ, ಜೀಬ್ರಶ್ ಅನ್ನುವ 3ಡಿ ಸಾಫ್ಟ್‌ವೇರ್‌ಗಳನ್ನು ಕಲಿತು ಬಂದಿದ್ದೆ, ಆದರೆ ಒಂದು ಅಸೆಟ್ (ಗೇಮ್‌ನೊಳಗೆ ಇಡುವ ಒಂದೊಂದು ವಸ್ತು) ಅಂದರೆ ಏನು ಅಂತ ಗೊತ್ತಾದದ್ದು ಅಲ್ಲಿ. ಒಂದು ಸೇತುವೆಯ ಕಬ್ಬಿಣದ ಕಟಕಟೆ ಮಾಡಬೇಕು ಅಂದುಕೊಳ್ಳಿ. ಕ್ಲೈಂಟ್ ಕಡೆಯಿಂದ ಬ್ರೀಫ್ ಬರುತ್ತದೆ, ಫೋಟೋಗಳು ಬರುತ್ತವೆ, ಆಕಾರ ಕಟ್ಟುವ ಪಾಲಿಗನ್ ಚೂರುಗಳು ಎಷ್ಟು, ಮೇಲ್ಮೈಗೆ ಹಚ್ಚುವ ಚಿತ್ರ ಅಂದರೆ ಟೆಕ್ಸ್ಚರ್‌ನ ಸಾಂದ್ರತೆ ಎಷ್ಟು, ಫೈಲ್ ಹೆಸರು ಹೇಗಿರಬೇಕು ಅನ್ನುವ ಕಾಗದ ಬರುತ್ತದೆ. ಮೊದಲು ಒರಟು ಬ್ಲಾಕ್ ಕಳಿಸಬೇಕು. ಒಪ್ಪಿದ ಮೇಲೆ ಸೂಕ್ಷ್ಮ ವಿವರದ ಹೈ ಪಾಲಿ, ಆಮೇಲೆ ಹಗುರವಾದ ಲೋ ಪಾಲಿ, ಆಮೇಲೆ ಮೇಲ್ಮೈಯನ್ನು ಬಿಡಿಸಿ ಹಾಸುವ ಯುವಿ, ಹೈ ಪಾಲಿಯ ವಿವರವನ್ನು ಲೋ ಪಾಲಿಗೆ ಇಳಿಸುವ ಬೇಕ್, ಟೆಕ್ಸ್ಚರ್, ಕೊನೆಗೆ ದೂರ ಹೋದಂತೆ ಸರಳವಾಗುವ ಎಲ್‌ಒಡಿಗಳು. ಒಂದೊಂದು ಹಂತಕ್ಕೂ ಒಂದು ಸುತ್ತು ಫೀಡ್‌ಬ್ಯಾಕ್. ನನ್ನ ಲೀಡ್ ಆಗಿದ್ದ ಹಿರಿಯರೊಬ್ಬರು ತುಕ್ಕು ಎಲ್ಲಿ ಹಿಡಿಯುತ್ತದೆ ಅನ್ನುವುದನ್ನು ಕಲಿಸಲು ನನ್ನನ್ನು ಕಚೇರಿಯ ಹಿಂದಿನ ಗೇಟಿನ ಹತ್ತಿರ ಕರೆದುಕೊಂಡು ಹೋದರು. “ನೀರು ಎಲ್ಲಿ ನಿಲ್ಲುತ್ತೆ ನೋಡು, ಅಲ್ಲಿ ಮಾತ್ರ ತುಕ್ಕು. ಎಲ್ಲಾ ಕಡೆ ಹಚ್ಚಿದ್ರೆ ಅದು ಕೊಳೆ ಅಷ್ಟೇ, ಹಳೇದಾಗಿದೆ ಅನ್ಸಲ್ಲ,” ಅಂದರು. ಇವತ್ತಿಗೂ ನನ್ನ ಕಣ್ಣು ಗೇಟು ಕಂಡರೆ ಮೊದಲು ಕೆಳಗಿನ ಮೂಲೆಗೇ ಹೋಗುತ್ತದೆ. ಇಷ್ಟು ಜನ ನಿಪುಣರು ಒಂದೇ ಮಹಡಿಯಲ್ಲಿ ಕೂತಿರುವುದು, ಅವರ ಪರದೆಯನ್ನು ಹಿಂದಿನಿಂದ ನಿಂತು ನೋಡಲು ಸಿಗುವುದು, ಇದು ಯಾವ ಇಂಡೀ ತಂಡವೂ ಹೊಸಬರಿಗೆ ಕೊಡಲಾಗದ ಭಾಗ್ಯ.

ಆದರೆ ಆ ಕಟಕಟೆ ಮಾಡುವಾಗ ನನಗೊಂದು ಪ್ರಶ್ನೆ ಬಂತು. ಆಟಗಾರ ಈ ಸೇತುವೆ ಮೇಲೆ ನಡೆದುಹೋಗುತ್ತಾನಾ, ಇಲ್ಲಾ ಇದು ಬರೀ ದೂರದಿಂದ ಕಾಣುವ ಸೇತುವೆಯಾ? ಕೆಲಸಕ್ಕೆ ಬೇಕಾದ ಪ್ರಶ್ನೆಯೇ. ಹತ್ತಿರ ಬರುವುದಾದರೆ ಬೋಲ್ಟು, ಬೆಸುಗೆ, ಕೈ ಸವೆದ ಜಾಗ ಎಲ್ಲ ಬೇಕು. ದೂರದ್ದಾದರೆ ಆಕಾರ ಸರಿಯಿದ್ದರೆ ಸಾಕು. ಲೀಡ್‌ಗೂ ಗೊತ್ತಿರಲಿಲ್ಲ. ಅವರು ಪ್ರೊಡ್ಯೂಸರ್‌ಗೆ ಹೇಳಿದರು, ಪ್ರೊಡ್ಯೂಸರ್ ಅದನ್ನು ಶೀಟ್‌ನಲ್ಲಿ ಬರೆದರು, ಅಲ್ಲಿಂದ ಅದು ಅಮೆರಿಕದಲ್ಲಿ ಮಲಗಿದ್ದ ಯಾರದೋ ಬೆಳಗಿನ ಮೇಲ್‌ಗೆ ಹೋಯಿತು. ಮಾರನೇ ದಿನ ಉತ್ತರ ಬಂತು. ಬ್ರೀಫ್‌ನಲ್ಲಿ ಇರುವಂತೆ ಮಾಡಿ, ಅಂತ. ಅವರ ತಪ್ಪು ಅಂತ ನಾನು ಹೇಳುವುದಿಲ್ಲ. ಬಿಡುಗಡೆಯಾಗದ ಗೇಮ್‌ನ ನಕ್ಷೆಯನ್ನು ನಾಲ್ಕು ದೇಶದ ಹತ್ತು ಸ್ಟುಡಿಯೋಗಳಿಗೆ ತೋರಿಸಲು ಯಾರಿಗೂ ಧೈರ್ಯ ಬರುವುದಿಲ್ಲ. ಎಷ್ಟೋ ಸಲ ನಮಗೆ ಗೇಮ್‌ನ ನಿಜವಾದ ಹೆಸರೂ ಗೊತ್ತಿರುತ್ತಿರಲಿಲ್ಲ, ಒಂದು ಕೋಡ್ ಹೆಸರು ಅಷ್ಟೇ. ಹಾಗಾಗಿ ವರ್ಷಗಟ್ಟಲೆ ಕೆಲಸ ಮಾಡಿದರೂ ‘ಹೇಗೆ’ ಅನ್ನುವುದರಲ್ಲಿ ನಾನು ಬೆಳೆದೆ, ‘ಯಾಕೆ’ ಅನ್ನುವುದು ನನ್ನ ಮೇಜಿಗೆ ಬರಲೇ ಇಲ್ಲ.

ಇದು ಬರೀ ಅಸೆಟ್ ಮಾಡುವವರ ಸಮಸ್ಯೆ ಅಂದುಕೊಳ್ಳಬೇಡಿ. ‘ಪ್ರಿನ್ಸ್ ಆಫ್ ಪರ್ಷಿಯಾ: ದಿ ಸ್ಯಾಂಡ್ಸ್ ಆಫ್ ಟೈಮ್’ ರೀಮೇಕ್ ನೆನಪಿದೆಯಲ್ವಾ? ಫ್ರಾನ್ಸಿನ ಗೇಮ್ ಕಂಪನಿ ಯೂಬಿಸಾಫ್ಟ್‌ನ ಪುಣೆ ಮತ್ತು ಮುಂಬೈ ಸ್ಟುಡಿಯೋಗಳೇ ಅದರ ಮುಂದಾಳಾಗಿದ್ದವು. 2020ರ ಸೆಪ್ಟೆಂಬರ್‌ನಲ್ಲಿ ಪ್ರಕಟಣೆ ಬಂದಾಗ ನಮ್ಮ ಮಹಡಿಯಲ್ಲಿ ಎಲ್ಲರೂ ಆ ಟ್ರೇಲರ್ ನೋಡಿದ್ದೆವು. ನಮ್ಮವರ ಕೈಗೆ ಕೊನೆಗೂ ಇಡೀ ಗೇಮ್ ಬಂತು ಅನ್ನುವ ಖುಷಿ. ಗ್ರಾಫಿಕ್ಸ್ ಹಳೆಯದಾಗಿ ಕಾಣುತ್ತದೆ ಅಂತ ಜಗತ್ತಿನ ಎಲ್ಲ ಮೂಲೆಯಿಂದ ಟೀಕೆ ಬಂತು, ದಿನಾಂಕ ಮುಂದಕ್ಕೆ ಹೋಯಿತು, 2022ರ ಮೇ ತಿಂಗಳಲ್ಲಿ ಇಡೀ ಯೋಜನೆ ಕಂಪನಿಯ ಮಾಂಟ್ರಿಯಲ್ ಸ್ಟುಡಿಯೋಗೆ ಹೋಯಿತು. ಟ್ರೇಲರ್ ಬಗ್ಗೆ ಬಂದ ಟೀಕೆಯಲ್ಲಿ ಹುರುಳಿರಲಿಲ್ಲ ಅಂತ ನಾನು ವಾದಿಸುವುದಿಲ್ಲ. ಆದರೆ ಭಾರತದ ಆರ್ಟಿಸ್ಟ್‌ಗಳಿಗೆ ಇಷ್ಟೇ ಬರುವುದು ಅಂತ ಆಗ ಜನ ಆಡಿದ ಮಾತು ನನಗೆ ಈಗಲೂ ನೋವು ಕೊಡುತ್ತದೆ. ಅದೇ ಊರುಗಳ ಅದೇ ತರಹದ ಆರ್ಟಿಸ್ಟ್‌ಗಳು ಮಾಡಿದ ಕಲ್ಲು ಮರಗಳನ್ನು ಬೇರೆ ದೊಡ್ಡ ಗೇಮ್‌ಗಳಲ್ಲಿ ನೋಡಿ ಮೆಚ್ಚಿದವರೂ ಇದೇ ಜನ. ಅವರಿಗೆ ಅದು ಗೊತ್ತಿಲ್ಲ ಅಷ್ಟೇ.

ಯಾಕೆ ಗೊತ್ತಿಲ್ಲ? ಯಾಕೆಂದರೆ ಹೆಸರು ಹಾಕುವುದಿಲ್ಲ. ಗೇಮ್ ಮುಗಿದ ಮೇಲೆ ಉರುಳುವ ಕ್ರೆಡಿಟ್ಸ್ ಪಟ್ಟಿ ನೋಡಿ. ಔಟ್‌ಸೋರ್ಸ್ ಸ್ಟುಡಿಯೋಗಳ ಹೆಸರು ಒಂದು ಸಾಲಿನಲ್ಲಿ ಬಂದು ಹೋಗುತ್ತದೆ, ಒಳಗಿನ ಜನರ ಹೆಸರು ಬಹಳ ಸಲ ಇರುವುದೇ ಇಲ್ಲ. ಒಳಗಿನವರಿಗೂ ಖಾತ್ರಿಯಿಲ್ಲ. 2018ರಲ್ಲಿ ‘ರೆಡ್ ಡೆಡ್ ರಿಡೆಂಪ್ಷನ್ 2’ ಬಂದಾಗ, ಬಿಡುಗಡೆಗೆ ಮೊದಲೇ ಕೆಲಸ ಬಿಟ್ಟವರ ಹೆಸರು ಗೇಮ್‌ನ ಕ್ರೆಡಿಟ್ಸ್‌ನಲ್ಲಿ ಇರಲಿಲ್ಲ, ಅವರಿಗೆ ಕಂಪನಿಯ ವೆಬ್‌ಸೈಟಿನಲ್ಲಿ ಬೇರೆಯೇ ಒಂದು ಧನ್ಯವಾದದ ಪುಟ. ಸಣ್ಣ ತಂಡಗಳ ಸುತ್ತ ಕಟ್ಟುವ ಕಥೆಗಳಲ್ಲೂ ಇದೇ ಆಗುತ್ತದೆ. 2025ರ ಏಪ್ರಿಲ್‌ನಲ್ಲಿ ಫ್ರಾನ್ಸಿನ ಸ್ಯಾಂಡ್‌ಫಾಲ್ ಇಂಟರಾಕ್ಟಿವ್‌ನ ‘ಕ್ಲೇರ್ ಆಬ್‌ಸ್ಕ್ಯೂರ್: ಎಕ್ಸ್‌ಪೆಡಿಷನ್ 33’ ಬಂತು. ಬರೀ ಮೂವತ್ತು ಜನ ಸೇರಿ ದೊಡ್ಡವರನ್ನು ಸೋಲಿಸಿದರು ಅಂತ ಎಲ್ಲರೂ ಬರೆದರು. ಗೇಮ್ ಅದ್ಭುತವಾಗಿದೆ, ಆ ಮೂವತ್ತು ಜನರ ಬಗ್ಗೆ ನನಗೆ ಅಪಾರ ಗೌರವ. ಆದರೆ ಕ್ರೆಡಿಟ್ಸ್ ಪೂರ್ತಿ ನೋಡಿದರೆ ಗೇಮ್‌ಪ್ಲೇ ಆನಿಮೇಷನ್ ಮಾಡಿದ ಕೊರಿಯಾದ ತಂಡ ಇದೆ, ಟೆಸ್ಟಿಂಗ್ ಮಾಡಿದವರು, ಬೇರೆ ಬೇರೆ ಭಾಷೆಗೆ ತಂದವರು, ಸಂಗೀತಗಾರರು ಇದ್ದಾರೆ. ‘ಮೂವತ್ತು ಜನ’ ಅನ್ನುವ ಶೀರ್ಷಿಕೆ ಬರೆದ ಕ್ಷಣ ಅವರೆಲ್ಲ ಕಾಣೆಯಾಗುತ್ತಾರೆ. ಕಟಕಟೆ ಮಾಡುವ ಜಾಗದಲ್ಲಿ ಕೂತಿದ್ದವಳಾಗಿ ನನಗೆ ಇದು ಚಿಕ್ಕ ವಿಷಯ ಅನಿಸುವುದಿಲ್ಲ.

ಇಂಡೀ ಕಡೆ ಬಂದ ಮೇಲೆ ಎಲ್ಲವೂ ಹತ್ತಿರ ಬಂತು. ನಾವು ಮಾಡುತ್ತಿರುವುದು ಮಲೆನಾಡಿನ ಮಳೆಯಲ್ಲಿ ಶಾಲೆಯಿಂದ ಮನೆಗೆ ನಡೆದುಹೋಗುವ ಒಬ್ಬ ಹುಡುಗಿಯ ಗೇಮ್. ದಾರಿಯಲ್ಲಿ ಹಳ್ಳಗಳು, ಹಳ್ಳದ ಮೇಲೆ ಕಾಲುಸಂಕ. ನಾನು ತೀರ್ಥಹಳ್ಳಿ ಕಡೆಯವಳು, ಅಡಿಕೆ ಮರ ಸೀಳಿ ಹಾಕಿದ ಸಂಕದ ಮೇಲೆ ನಡೆದು ಬೆಳೆದವಳು, ಹಾಗಾಗಿ ಅದನ್ನು ಮಾಡಲು ಯಾರ ಬ್ರೀಫೂ ಬೇಕಾಗಲಿಲ್ಲ. ಆಟಗಾರ ಇದರ ಹತ್ತಿರ ಬರುತ್ತಾನಾ? ಬರುತ್ತಾನೆ, ಇದರ ಮೇಲೇ ನಡೆಯಬೇಕು, ಯಾಕೆಂದರೆ ಹಾಗೆ ಅಂತ ತೀರ್ಮಾನ ಮಾಡಿದ್ದು ನಾವೇ. ಹುಡುಗಿಗೆ ಕೊಡೆ ಕೊಡೋಣವಾ, ಕಂಬಳಿಕೊಪ್ಪೆ ಹಾಕೋಣವಾ ಅನ್ನುವ ಮಾತು ಒಂದು ಇಡೀ ಸಂಜೆ ನಡೆಯಿತು. ಹೊರಗಿನವರಿಗೆ ಕಂಬಳಿಕೊಪ್ಪೆ ಏನು ಅಂತ ಗೊತ್ತಾಗುತ್ತಾ ಅಂತ ನಮ್ಮ ಪ್ರೋಗ್ರಾಮರ್ ಕೇಳಿದ. ಮಳೆಯಲ್ಲಿ ಅದನ್ನು ತಲೆಮೇಲೆ ಎಳೆದುಕೊಂಡರೆ ಸಾಕು, ಯಾರಿಗಾದರೂ ಗೊತ್ತಾಗುತ್ತದೆ, ವಿವರಿಸುವುದು ಬೇಡ ಅಂತ ಕೊನೆಗೆ ಒಪ್ಪಿದೆವು. ಟೊರಾಂಟೊದ ವಿಸಾಯ್ ಗೇಮ್ಸ್ 2023ರಲ್ಲಿ ತಂದ ‘ವೆಂಬಾ’ ನಮಗೆ ಆಗ ದೊಡ್ಡ ಧೈರ್ಯ ಕೊಟ್ಟಿತು. ಕೆನಡಾಕ್ಕೆ ಹೋದ ತಮಿಳು ಕುಟುಂಬ, ಇಡ್ಲಿ, ಪುಟ್ಟು, ಬಿರಿಯಾನಿ. ಅಡುಗೆ ಮಾಡುತ್ತಾ ಮಾಡುತ್ತಾ ಆ ಮನೆಯ ನೋವು ನಲಿವು ತಿಳಿಯುತ್ತದೆ. ಮರುವರ್ಷ ಅದಕ್ಕೆ ಇಂಡಿಪೆಂಡೆಂಟ್ ಗೇಮ್ಸ್ ಫೆಸ್ಟಿವಲ್‌ನ ಅತಿ ದೊಡ್ಡ ಪ್ರಶಸ್ತಿ ಬಂತು.

ಹತ್ತಿರ ಬಂತು ಅಂದೆ, ಸುಲಭ ಆಯಿತು ಅಂತ ಹೇಳಲಿಲ್ಲ. ಹುಡುಗಿ ಸಂಕದ ತುದಿಯಿಂದ ಹಾರಬೇಕು. ಗುಂಡಿ ಒತ್ತಿದರೂ ಎಷ್ಟೋ ಸಲ ಹಳ್ಳಕ್ಕೆ ಬೀಳುತ್ತಿದ್ದಳು. ಆಡಿದವರೆಲ್ಲ “ನಾನು ಸರಿಯಾಗೇ ಒತ್ತಿದೆ” ಅಂದರು. ಕಾಲು ಅಂಚು ದಾಟಿದ ಮೇಲೂ ಒಂದಷ್ಟು ಫ್ರೇಮ್‌ಗಳ ತನಕ ಹಾರಲು ಬಿಡುವ ಉಪಾಯ ಈ ಕಸುಬಿನಲ್ಲಿ ಹಳೆಯದು, ಕೊಯೋಟಿ ಟೈಮ್ ಅನ್ನುತ್ತಾರೆ. ಸೆಕೆಂಡಿಗೆ 60 ಫ್ರೇಮ್ ಓಡುವ ಗೇಮ್‌ನಲ್ಲಿ ಆರು ಫ್ರೇಮ್ ಅಂದರೆ ಸೆಕೆಂಡಿನ ಹತ್ತನೇ ಒಂದು ಭಾಗ. ಅದು ಎಷ್ಟಿರಬೇಕು ಅನ್ನುವುದನ್ನು ಎನ್ವಿರಾನ್‌ಮೆಂಟ್ ಆರ್ಟಿಸ್ಟ್ ಆದ ನಾನು ಕೂತು ಹೊಂದಿಸುತ್ತಿದ್ದೆ. ಯಾಕೆಂದರೆ ಪ್ರೋಗ್ರಾಮರ್ ಬೇರೆ ಏನೋ ಬೆಂಕಿ ಆರಿಸುತ್ತಿದ್ದ, ಸಂಕದ ಅಂಚು ಎಲ್ಲಿ ಮುಗಿಯುತ್ತದೆ ಅಂತ ಕಣ್ಣಿಗೆ ತೋರಿಸುವುದು ನನ್ನ ಕೆಲಸವೇ ಅಲ್ವಾ. ಅಡಿಕೆ ಮರದ ತುದಿಯನ್ನು ಸ್ವಲ್ಪ ತಿಳಿ ಬಣ್ಣ ಮಾಡಿದೆ, ಫ್ರೇಮ್ ಸ್ವಲ್ಪ ಹೆಚ್ಚಿಸಿದೆ, ಜನ ಬೀಳುವುದು ನಿಂತಿತು. ಬಣ್ಣಕ್ಕೂ ಬೆರಳಿಗೂ ಇರುವ ಈ ನಂಟು ದೊಡ್ಡ ಕಡೆ ನನಗೆ ಎಂದೂ ಕಂಡಿರಲಿಲ್ಲ. ಅಲ್ಲಿ ಬಣ್ಣ ಒಂದು ದೇಶದಲ್ಲಿ, ಬೆರಳು ಇನ್ನೊಂದು ದೇಶದಲ್ಲಿ.

ಕನ್ನಡ ಅಕ್ಷರದ ಕಥೆ ಹೇಳಲೇಬೇಕು. ಗೇಮ್‌ನಲ್ಲಿ ಕನ್ನಡ ಇರಬೇಕು ಅಂತ ಮೊದಲ ದಿನವೇ ಹಠ ಹಿಡಿದಿದ್ದೆವು. ಯೂನಿಟಿ ಅನ್ನುವ ಇಂಜಿನ್‌ನಲ್ಲಿ (ಗೇಮ್ ಕಟ್ಟುವ ಸಾಫ್ಟ್‌ವೇರ್) ಶುರುಮಾಡಿದ್ದು, ಅಕ್ಷರ ತೋರಿಸುವ ಅದರ ಉಪಕರಣ ಟೆಕ್ಸ್ಟ್‌ಮೆಶ್ ಪ್ರೋದಲ್ಲಿ ಕನ್ನಡ ಹಾಕಿದರೆ ಒತ್ತಕ್ಷರಗಳೆಲ್ಲ ಬಿಡಿಬಿಡಿಯಾಗಿ ಬಿದ್ದವು. ‘ಅಮ್ಮ’ ಅನ್ನುವ ಪದವೇ ಸರಿಯಾಗಿ ಕಾಣುತ್ತಿರಲಿಲ್ಲ. ನಮ್ಮ ಲಿಪಿಗಳಲ್ಲಿ ಅಕ್ಷರ ಅಕ್ಷರದ ಜೊತೆ ಸೇರಿ ರೂಪ ಬದಲಿಸುತ್ತದೆ, ಅದನ್ನು ಜೋಡಿಸುವ ಕೆಲಸ ಆ ಉಪಕರಣ ಮಾಡುವುದಿಲ್ಲ. ಅಷ್ಟರಲ್ಲಿ 2023ರ ಸೆಪ್ಟೆಂಬರ್‌ನಲ್ಲಿ ಯೂನಿಟಿ ಕಂಪನಿ ಗೇಮ್ ಒಂದೊಂದು ಸಲ ಇನ್‌ಸ್ಟಾಲ್ ಆದಾಗಲೂ ಡೆವಲಪರ್‌ನಿಂದ ಹಣ ಕೇಳುವ ರನ್‌ಟೈಮ್ ಫೀ ಪ್ರಕಟಿಸಿತು. ಎಲ್ಲೆಡೆಯಿಂದ ವಿರೋಧ ಬಂದು ಹತ್ತು ದಿನದಲ್ಲಿ ಸಡಿಲಿಸಿದರು, ಮುಂದಿನ ವರ್ಷ ಪೂರ್ತಿ ಕೈಬಿಟ್ಟರು. ನಮ್ಮಂಥವರಿಗೆ ಆ ಹಣದ ಬಿಸಿ ತಟ್ಟುತ್ತಿರಲಿಲ್ಲ, ಅಷ್ಟು ವ್ಯಾಪಾರ ನಮಗೆಲ್ಲಿ. ಆದರೆ ಭಯ ತಟ್ಟಿತು. ಗೋಡೋ ಇಂಜಿನ್‌ನ ನಾಲ್ಕನೇ ಆವೃತ್ತಿ ಅದೇ ವರ್ಷ ಮಾರ್ಚ್‌ನಲ್ಲಿ ಬಂದಿತ್ತು, ಅದರಲ್ಲಿ ಭಾರತೀಯ ಲಿಪಿಗಳನ್ನು ಸರಿಯಾಗಿ ಜೋಡಿಸುವ ವ್ಯವಸ್ಥೆ ಒಳಗೇ ಇದೆ. ಒಂದು ರಾತ್ರಿ ಕೂತು ಮಾತಾಡಿದೆವು, ಬದಲಾಯಿಸಿದೆವು. ತಿಂಗಳುಗಟ್ಟಲೆ ಕೆಲಸ ಹಿಂದೆ ಹೋಯಿತು, ಅದು ನಿಜ. ಆದರೆ ಪರದೆ ಮೇಲೆ ಕನ್ನಡ ಮೊದಲ ಸಲ ಸರಿಯಾಗಿ ಮೂಡಿದಾಗ ಆದ ಸಂತೋಷ ನನಗೆ ಯಾವ ದೊಡ್ಡ ಗೇಮ್ ಬಿಡುಗಡೆಯಾದಾಗಲೂ ಆಗಿರಲಿಲ್ಲ.

ಹಣ. ಇದನ್ನು ಬೇಗ ಹೇಳಿ ಮುಗಿಸುತ್ತೇನೆ, ಯಾಕೆಂದರೆ ಲೆಕ್ಕ ಕಷ್ಟದ್ದೇನಲ್ಲ, ಕಹಿ ಅಷ್ಟೇ. ಕಂಪ್ಯೂಟರ್ ಗೇಮ್ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ಗೆ ಗೇಮ್ ಹಾಕಲು 100 ಡಾಲರ್. ಮಾರಾಟವಾದದ್ದರಲ್ಲಿ 30 ಶೇಕಡ ಸ್ಟೀಮ್‌ಗೆ. ಕೊಂಡವರು 14 ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ, ದುಡ್ಡು ವಾಪಸ್ ಕೇಳಬಹುದು. ಎರಡೇ ಗಂಟೆಯಲ್ಲಿ ಮುಗಿಯುವ ಪುಟ್ಟ ಗೇಮ್ ಮಾಡುವವರು ಈ ನಿಯಮವನ್ನು ಎದೆಬಡಿತದ ಜೊತೆಗೇ ಓದುತ್ತಾರೆ. 2024 ಒಂದೇ ವರ್ಷದಲ್ಲಿ ಸ್ಟೀಮ್‌ಗೆ 18 ಸಾವಿರಕ್ಕೂ ಹೆಚ್ಚು ಗೇಮ್‌ಗಳು ಬಂದವು. ಎರಿಕ್ ಬರೋನ್ ಒಬ್ಬರೇ ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಕೂತು ಮಾಡಿದ ‘ಸ್ಟಾರ್‌ಡ್ಯೂ ವ್ಯಾಲಿ’ ಗೇಮ್ ಗೆದ್ದ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಉಳಿದ ಸಾವಿರಾರು ಜನರ ಕಥೆಯನ್ನು ಯಾರು ಹೇಳುತ್ತಾರೆ? ನಮ್ಮಲ್ಲೇ ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್ 2017ರಲ್ಲಿ ‘ರಾಜಿ’ ಗೇಮ್‌ಗಾಗಿ ಜನರಿಂದ ಹಣ ಕೂಡಿಸುವ ಕಿಕ್‌ಸ್ಟಾರ್ಟರ್ ತಾಣದಲ್ಲಿ ಹಣ ಕೇಳಿದಾಗ ಗುರಿ ಮುಟ್ಟಲಿಲ್ಲ. ಆದರೂ ಬಿಡದೆ 2020ರಲ್ಲಿ ಗೇಮ್ ತಂದರು. ಆ ಮೂರು ವರ್ಷ ಅವರು ಹೇಗೆ ದಾಟಿರಬೇಕು ಅಂತ ನಾನು ಈಗ ಬೇರೆ ತರಹ ಯೋಚಿಸುತ್ತೇನೆ. ನನ್ನ ಸಂಬಳ ಮೊದಲಿನದರ ಅರ್ಧಕ್ಕಿಂತ ಕಡಿಮೆ. ನಮ್ಮ ಇಬ್ಬರು ಸಂಜೆ ಹೊತ್ತು ಬೇರೆ ಕಂಪನಿಗಳ ಕೆಲಸ ಮಾಡಿಕೊಡುತ್ತಾರೆ, ಅದರಿಂದಲೇ ಬಾಡಿಗೆ ನಡೆಯುವುದು.

ಇದರ ಮೇಲೆ ಮನೆಯವರಿಗೆ ಅರ್ಥ ಮಾಡಿಸುವ ಕೆಲಸ. ದೊಡ್ಡ ಸ್ಟುಡಿಯೋದಲ್ಲಿ ಇದ್ದಾಗ ಐಡಿ ಕಾರ್ಡ್ ನೋಡಿ ಸುಮ್ಮನಿದ್ದ ದೊಡ್ಡಪ್ಪ ಈಗ ಪ್ರತಿ ಮದುವೆಯಲ್ಲೂ ಕೇಳುತ್ತಾರೆ, “ಏನಮ್ಮಾ, ಈ ರಮ್ಮಿ ಗಿಮ್ಮಿ ಎಲ್ಲ ಬಂದ್ ಮಾಡಿದ್ರಂತಲ್ಲ, ನಿಂದೇನು ತೊಂದ್ರೆ ಇಲ್ವಾ?” 2025ರ ಆಗಸ್ಟ್‌ನಲ್ಲಿ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನು ಬಂದ ಮೇಲೆ ಈ ಪ್ರಶ್ನೆ ಜಾಸ್ತಿಯಾಗಿದೆ. “ಇಲ್ಲ ದೊಡ್ಡಪ್ಪ, ನಮ್ದು ದುಡ್ಡು ಕಟ್ಟಿ ಆಡೋದಲ್ಲ, ಕಥೆ ಇರೋ ಆಟ,” ಅಂತ ಹೇಳುತ್ತೇನೆ. ಅವರಿಗೆ ಸಂಕ ತೋರಿಸಿದೆ. “ಇದು ನಮ್ಮೂರ ಹಳ್ಳದ್ದೇ ಅಲ್ವೇನೇ,” ಅಂದರು. ಆಮೇಲೆ ಇನ್ನೊಬ್ಬರನ್ನು ಕರೆದು ತೋರಿಸಿದರು.

ಅತಿಯಾದ ದುಡಿತದ ಬಗ್ಗೆ ಎರಡೂ ಕಡೆಯವರು ಸುಳ್ಳು ಹೇಳುತ್ತಾರೆ ಅನ್ನುವುದು ನನ್ನ ಅಭಿಪ್ರಾಯ. 2018ರಲ್ಲಿ ರಾಕ್‌ಸ್ಟಾರ್‌ನ ಡ್ಯಾನ್ ಹೌಸರ್ ವಾರಕ್ಕೆ 100 ಗಂಟೆ ಕೆಲಸದ ಮಾತು ಆಡಿದಾಗ ದೊಡ್ಡ ಗಲಾಟೆಯಾಯಿತು. ಅದು ಬರಹದ ಕೆಲಸದಲ್ಲಿದ್ದ ನಾಲ್ಕು ಜನರ ಮೂರು ವಾರದ ಮಾತು ಮಾತ್ರ ಅಂತ ಆಮೇಲೆ ವಿವರಣೆ ಬಂತು. ನಾನು ಕೆಲಸ ಮಾಡಿದ ಕಡೆ, ಕೆಲಸ ಒಪ್ಪಿಸುವ ಮೈಲ್‌ಸ್ಟೋನ್ ಹತ್ತಿರ ಬಂದಾಗ, ಅಮೆರಿಕದ ಬೆಳಗ್ಗೆಗೆ ನಮ್ಮ ರಾತ್ರಿ ಹೊಂದಿಸಿಕೊಂಡು ಕೂರುವುದು ಮಾಮೂಲಾಗಿತ್ತು. ಊಟ ತರಿಸಿಕೊಡುತ್ತಿದ್ದರು, ಕ್ಯಾಬ್ ಕೊಡುತ್ತಿದ್ದರು, ಹೆಚ್ಚಿನ ಗಂಟೆಗಳಿಗೆ ಹಣ ಕೊಡುತ್ತಿರಲಿಲ್ಲ. ಇಂಡೀ ಕಡೆ ಯಾರೂ ಕೂರಿಸುವುದಿಲ್ಲ, ನಾವೇ ಕೂರುತ್ತೇವೆ. ಬರಲಿರುವ ಗೇಮ್‌ಗಳ ಡೆಮೋ ಹಬ್ಬವಾದ ಸ್ಟೀಮ್ ನೆಕ್ಸ್ಟ್ ಫೆಸ್ಟ್‌ಗೆ ಡೆಮೋ ಹಾಕುವ ಮುಂಚಿನ ವಾರಗಳಲ್ಲಿ ನಮ್ಮಲ್ಲೊಬ್ಬನಿಗೆ ಬೆನ್ನು ಹಿಡಿದು ಆಸ್ಪತ್ರೆಗೆ ಹೋಗಬೇಕಾಯಿತು. ಬೈಯಲು ಎದುರಿಗೆ ಮ್ಯಾನೇಜರ್ ಇಲ್ಲದಿದ್ದರೆ ದಣಿವು ದಣಿವಲ್ಲ ಅಂತ ಆಗುವುದಿಲ್ಲ. ನಾವು ಈಗ ರಾತ್ರಿ ಎಂಟಕ್ಕೆ ಮಹಡಿಯ ಬಾಗಿಲು ಹಾಕುತ್ತೇವೆ, ಕೀಲಿ ಕೆಳಗಿನ ಮನೆಯ ಆಂಟಿ ಹತ್ತಿರ ಇರುತ್ತದೆ.

ಇನ್ನು ಭದ್ರತೆ. ದೊಡ್ಡದು ಅಂದರೆ ಗಟ್ಟಿ ಅಂತ ನಾವು ಬೆಳೆದದ್ದೇ ಹಾಗೆ. 2024ರ ಜನವರಿಯಲ್ಲಿ ಮೈಕ್ರೋಸಾಫ್ಟ್ ತನ್ನ ಗೇಮ್ ವಿಭಾಗದಿಂದ 1,900 ಜನರನ್ನು ತೆಗೆಯಿತು. ಮೇ ತಿಂಗಳಲ್ಲಿ ತನ್ನದೇ ಟ್ಯಾಂಗೋ ಗೇಮ್‌ವರ್ಕ್ಸ್ ಅನ್ನು ಮುಚ್ಚುವುದಾಗಿ ಹೇಳಿತು, ಅದು ‘ಹೈ-ಫೈ ರಶ್’ ಅನ್ನುವ ಎಲ್ಲರೂ ಮೆಚ್ಚಿದ ಗೇಮ್ ಮಾಡಿದ್ದ ಸ್ಟುಡಿಯೋ. ಬೇರೆ ಕಂಪನಿ ಬಂದು ಉಳಿಸಿಕೊಂಡಿದ್ದು ಪುಣ್ಯ. ಸೋನಿಯ ‘ಕಾಂಕಾರ್ಡ್’ ಗೇಮ್ ಅದೇ ವರ್ಷ ಆಗಸ್ಟ್ 23ಕ್ಕೆ ಬಂದು ಸೆಪ್ಟೆಂಬರ್ 6ಕ್ಕೆ ಬಂದ್ ಆಯಿತು, ಅಕ್ಟೋಬರ್‌ನಲ್ಲಿ ಅದನ್ನು ಮಾಡಿದ ಸ್ಟುಡಿಯೋನೇ ಇಲ್ಲ. 2025ರ ಫೆಬ್ರವರಿಯಲ್ಲಿ ಸಿನಿಮಾ, ಗೇಮ್‌ಗಳಿಗೆ ಗ್ರಾಫಿಕ್ಸ್ ಮಾಡುತ್ತಿದ್ದ ಫ್ರಾನ್ಸಿನ ಟೆಕ್ನಿಕಲರ್ ಕಂಪನಿ ಕುಸಿದಾಗ ಬೆಂಗಳೂರು ಮತ್ತು ಮುಂಬೈಯಲ್ಲಿ ಸುಮಾರು 3 ಸಾವಿರ ಜನರ ಕೆಲಸ ಹೋಯಿತು. ಪ್ಯಾರಿಸ್‌ನಲ್ಲಿ ಆದ ನಷ್ಟದ ತೀರ್ಪು ವೈಟ್‌ಫೀಲ್ಡ್ ಕಡೆ ಬಾಡಿಗೆ ಕಟ್ಟುವವರ ಮನೆಗೆ ಬಂದು ನಿಂತಿತು. ‘ನನ್ನನ್ನು ಯಾಕೆ?’ ಅಂತ ಕೇಳಿದರೆ ಉತ್ತರ ಕೊಡುವವರು ಕಚೇರಿಯಲ್ಲಿ ಯಾರೂ ಇರಲಿಲ್ಲ. ನಮ್ಮ ತಂಡವೂ ಮುಚ್ಚಬಹುದು. ಬ್ಯಾಂಕಿನಲ್ಲಿ ಎಷ್ಟು ತಿಂಗಳ ಹಣ ಇದೆ ಅನ್ನುವುದು ಐದೂ ಜನರಿಗೆ ಗೊತ್ತು. ಆ ಅಂಕಿ ನೋಡಿದ ರಾತ್ರಿ ನಿದ್ದೆ ಬರುವುದಿಲ್ಲ, ಆದರೂ ಅದು ನನ್ನ ಕಣ್ಣೆದುರು ಇರುವುದೇ ನನಗೆ ಬೇಕು.

ಹಾಗಾಗಿ ಎಲ್ಲಿ ಸೇರಲಿ ಅಂತ ಕೇಳಿದವರಿಗೆ ನಾನು ಒಂದನ್ನೇ ಸರಿ ಅನ್ನುವುದಿಲ್ಲ. ಕಾಲೇಜು ಮುಗಿಸಿದ ತಕ್ಷಣ ಆದರೆ ದೊಡ್ಡ ಕಡೆ ಹೋಗಿ, ಎರಡು ಮೂರು ವರ್ಷ ಕಣ್ಣು ತೆರೆದು ಕಲಿಯಿರಿ ಅಂತ ಹೇಳುತ್ತೇನೆ. ಮನೆಯಲ್ಲಿ ನಿಮ್ಮ ಸಂಬಳವೇ ಆಧಾರ ಆಗಿದ್ದರೆ ಇನ್ನೂ ಜಾಸ್ತಿ ದಿನ ಇರಿ, ಅದರಲ್ಲಿ ಯಾವ ಕೀಳೂ ಇಲ್ಲ. ಎಲ್ಲೇ ಹೋದರೂ ಇಂಟರ್‌ವ್ಯೂ ಕೊನೆಯಲ್ಲಿ ‘ನಿಮಗೇನಾದರೂ ಕೇಳುವುದಿದೆಯಾ’ ಅಂದಾಗ ಇಲ್ಲ ಅನ್ನಬೇಡಿ. ನನ್ನ ಕೆಲಸದ ಬಗ್ಗೆ ಸಂಶಯ ಬಂದರೆ ಯಾರನ್ನು ಕೇಳಬೇಕು, ಅವರು ಇದೇ ಕಟ್ಟಡದಲ್ಲಿ ಇರುತ್ತಾರಾ? ಗೇಮ್ ಬಿಡುಗಡೆಯಾದ ಮೇಲೆ ಈ ಕೆಲಸವನ್ನು ನನ್ನ ಪೋರ್ಟ್‌ಫೋಲಿಯೋದಲ್ಲಿ ಹಾಕಬಹುದಾ? ಹೆಚ್ಚಿನ ಗಂಟೆಗಳಿಗೆ ಏನು ಲೆಕ್ಕ? ನಡುವೆ ಬಿಟ್ಟು ಹೋದರೂ ಕ್ರೆಡಿಟ್ಸ್‌ನಲ್ಲಿ ಹೆಸರು ಇರುತ್ತದಾ? ಇಂಡೀ ತಂಡವಾದರೆ ಇನ್ನೊಂದು ಸೇರಿಸಿ, ಎಷ್ಟು ತಿಂಗಳ ಹಣ ಇದೆ ಅಂತ. ಹೆಚ್ಚಿನ ಗಂಟೆ, ಕ್ರೆಡಿಟ್ಸ್, ಈ ಎರಡಕ್ಕೆ ಬಾಯಿಮಾತಿನ ಉತ್ತರ ತೆಗೆದುಕೊಳ್ಳಬೇಡಿ. ಮೇಲ್‌ನಲ್ಲಿ ಬರೆಸಿಕೊಳ್ಳಿ, ಆಮೇಲೆ ಆಫರ್ ಲೆಟರ್‌ಗೆ ಸಹಿ ಹಾಕಿ.